ಗೂಢ ಸುಳಿವಿನ ಎರಡು ದಾರಿ

ಪದಬಂಧದ ಸುಳಿವುಗಳಲ್ಲಿ ಎರಡು ಬಗೆಗಳಿವೆ. ಬೇಕಾದ ಪದದ ಅರ್ಥವನ್ನೋ ಪರ್ಯಾಯವನ್ನೋ ನೇರವಾಗಿ ಹೇಳಿಬಿಡುವುದು ಮೊದಲನೆಯ ಬಗೆಯಾದರೆ, ಅದೇ ಪದವನ್ನು ಅರ್ಥದಿಂದ ಒಮ್ಮೆ, ಅಕ್ಷರಗಳ ಆಟದಿಂದಲೋ ಬೇರೊಂದು ಅರ್ಥದಿಂದಲೋ ಇನ್ನೊಮ್ಮೆ ಸೂಚಿಸಿ, ಎರಡನ್ನೂ ಒಂದೇ ಸಹಜ ವಾಕ್ಯದೊಳಗೆ ಬೆಸೆದು ಮರೆಮಾಡುವುದು ಎರಡನೆಯ ಬಗೆ. ಇಂಗ್ಲಿಷ್ ಪತ್ರಿಕೆಗಳ ಓದುಗರು ಕ್ರಿಪ್ಟಿಕ್ ಎಂದು ಕರೆಯುವ ಈ ಎರಡನೆಯದನ್ನು ಕನ್ನಡದಲ್ಲಿ ಗೂಢ ಸುಳಿವು ಎನ್ನಬಹುದು. ಮಂಗಳೂರು–ಮಡಿಕೇರಿ ಹೆದ್ದಾರಿಯಲ್ಲಿ ಸುಳ್ಯವನ್ನು ದಾಟಿದ ಮೇಲೆ, ಘಟ್ಟದ ಏರಿಗೆ ಮೊದಲು ಸಿಗುವ ಸಂಪಾಜೆ ಇದಕ್ಕೆ ಒಳ್ಳೆಯ ಹೋಲಿಕೆ. ಆ ಹೆಸರಿನ ಗ್ರಾಮ ದಕ್ಷಿಣ ಕನ್ನಡದಲ್ಲೂ ಇದೆ, ಕೊಡಗಿನಲ್ಲೂ ಇದೆ. ಗಡಿಯ ಯಾವ ಬದಿಯಿಂದ ಬಂದರೂ ಪ್ರಯಾಣಿಕನು ಮುಟ್ಟುವುದು ಸಂಪಾಜೆಯನ್ನೇ. ಗೂಢ ಸುಳಿವಿನಲ್ಲಿಯೂ ಎರಡು ದಾರಿಗಳು ಒಂದೇ ಹೆಸರಿನಲ್ಲಿ ಕೂಡಬೇಕು.

ಪದಬಂಧವೆಂಬ ಆಟ ತೀರ ಹಳೆಯದಲ್ಲ. ಆರ್ಥರ್ ವಿನ್ ರಚಿಸಿದ ಮೊದಲ ಪದಬಂಧವು 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಸುಳಿವುಗಳು ನೇರವಾಗಿದ್ದವು. ಗೂಢ ಸುಳಿವು ಬೆಳೆದದ್ದು 1920ರ ದಶಕದ ಇಂಗ್ಲೆಂಡಿನಲ್ಲಿ, ಟಾರ್ಕೆಮಾಡ ಎಂಬ ಗುಪ್ತನಾಮದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್‌ನ ಕೈಯಲ್ಲಿ. ಮುಂದೆ ಕ್ಸಿಮೆನೀಸ್ ಎಂಬ ಹೆಸರಿನಲ್ಲಿ ಪದಬಂಧ ರಚಿಸುತ್ತಿದ್ದ ಡಿ.ಎಸ್. ಮ್ಯಾಕ್ನಟ್ 1966ರ ತನ್ನ ಗ್ರಂಥದಲ್ಲಿ ಈ ಆಟದ ನ್ಯಾಯಸೂತ್ರಗಳನ್ನು ಕ್ರಮಪಡಿಸಿದನು. ದಕ್ಷಿಣ ಭಾರತದ ಓದುಗರಿಗೆ ಇದರ ರುಚಿ ಹತ್ತಿಸಿದವುಗಳಲ್ಲಿ 1971ರಿಂದ ದಿ ಹಿಂದೂ ಪತ್ರಿಕೆಯಲ್ಲಿ ಬರುತ್ತಿರುವ ಪದಬಂಧ ಮುಖ್ಯವಾದುದು. ಕನ್ನಡದಲ್ಲಿ ಪದಬಂಧವನ್ನು ಮನೆಮಾತಾಗಿಸಿದವರಲ್ಲಿ ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಅ.ನಾ. ಪ್ರಹ್ಲಾದರಾವ್ ಅವರ ಹೆಸರು ಮೊದಲ ಸಾಲಿನದು. ಅವರು ಹೆಣೆದ ಪದಬಂಧಗಳ ಸಂಖ್ಯೆ ಹತ್ತಾರು ಸಾವಿರವನ್ನು ಮೀರಿ ಲಿಮ್ಕಾ ದಾಖಲೆಯ ಪುಸ್ತಕವನ್ನೂ ಸೇರಿದೆ. ಆದರೂ ಕನ್ನಡ ಪತ್ರಿಕೆಗಳ ಪದಬಂಧದಲ್ಲಿ ನೇರ ಸುಳಿವಿನದೇ ಮೇಲುಗೈ. ಇದಕ್ಕೆ ಭಾಷೆಯ ಬಡತನ ಕಾರಣವಲ್ಲವೆಂಬುದು ಕನ್ನಡದ ಅಕ್ಷರಗಳ ಸ್ವಭಾವವನ್ನು ನೋಡಿದರೆ ತಿಳಿಯುತ್ತದೆ.

ಕನ್ನಡ ಪದಬಂಧದ ಒಂದು ಮನೆಯಲ್ಲಿ ಕೂರುವುದು ಒಂದು ಪೂರ್ಣ ಅಕ್ಷರ. ಗುಣಿತದ ಸ್ವರವಾಗಲಿ, ಒತ್ತಾಗಲಿ, ಸೊನ್ನೆಯಾಗಲಿ ಬೇರೆ ಮನೆಯನ್ನು ಕೇಳುವುದಿಲ್ಲ. ಆದ್ದರಿಂದ ‘ಸಂಪಾಜೆ’ಗೆ ಮೂರು ಮನೆಗಳು ಸಾಕು, ‘ಸುಳ್ಯ’ಕ್ಕೆ ಎರಡೇ ಸಾಕು, ಅಲ್ಲಿಯ ಹೊಳೆಯಾದ ‘ಪಯಸ್ವಿನಿ’ಗೆ ನಾಲ್ಕು ಬೇಕು. ಪದವನ್ನು ಹಿಂದುಮುಂದು ಮಾಡಿದಾಗ ಇದರ ಪರಿಣಾಮ ಎದ್ದು ಕಾಣುತ್ತದೆ. ‘ನದಿ’ಯನ್ನು ರೋಮನ್ ಲಿಪಿಯಲ್ಲಿ ಬರೆದು ತಿರುಗಿಸಿದರೆ ಏನೂ ಹುಟ್ಟುವುದಿಲ್ಲ, ಕನ್ನಡದಲ್ಲಿ ತಿರುಗಿಸಿದರೆ ‘ದಿನ’ ಹುಟ್ಟುತ್ತದೆ. ‘ಗಜ’ ತಿರುಗಿ ನಿಂತರೆ ‘ಜಗ’ವಾಗುತ್ತದೆ. ಬೇಡನೊಬ್ಬನು ‘ಮರಾ ಮರಾ’ ಎನ್ನುತ್ತ ರಾಮನಾಮವನ್ನು ಜಪಿಸಿ ವಾಲ್ಮೀಕಿಯಾದನೆಂಬ ಕಥೆಯೂ, ತೆನಾಲಿ ರಾಮಕೃಷ್ಣನಿಗೆ ಎತ್ತ ಓದಿದರೂ ಒಂದೇ ಆಗುವ ‘ವಿಕಟಕವಿ’ ಎಂಬ ಬಿರುದು ಅಂಟಿದ ಕಥೆಯೂ ಇದೇ ಅಕ್ಷರಗಣಿತದ ಮೇಲೆ ನಿಂತಿವೆ.

ಗೂಢ ಸುಳಿವಿನ ಮುಖ್ಯ ತಂತ್ರಗಳಿಗೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಹೆಸರುಗಳೂ ಸಿದ್ಧವಾಗಿವೆ. ಪದವನ್ನು ಒಡೆಯದೆಯೇ ಎರಡು ಅರ್ಥ ಹೊಮ್ಮಿದರೆ ಅದು ಅಭಂಗ ಶ್ಲೇಷೆ. ‘ಉಕ್ಕಿ ಬಂದ ಹೊಳೆಯ ಪಕ್ಕದ ಮನೆ (2)’ ಎಂಬ ಸುಳಿವನ್ನು ಓದಿದವನ ಕಣ್ಣಿಗೆ ಮಳೆಗಾಲದ ಚಿತ್ರ ಕಟ್ಟುತ್ತದೆ. ಆದರೆ ‘ಉಕ್ಕಿ ಬಂದ ಹೊಳೆ’ ಒಂದು ಅರ್ಥ, ‘ಪಕ್ಕದ ಮನೆ’ ಇನ್ನೊಂದು ಅರ್ಥ, ಎರಡಕ್ಕೂ ಉತ್ತರ ‘ನೆರೆ’. ಪದವನ್ನು ಒಡೆದಾಗ ಬೇರೆ ಅರ್ಥ ಬಂದರೆ ಅದು ಸಭಂಗ ಶ್ಲೇಷೆ. ‘ಮೈಲಿಗೆಯಾಗದ ಬೀದಿಯೇ ಜಿಲ್ಲೆಗೆ ಕೇಂದ್ರ (4)’ ಎಂಬಲ್ಲಿ ಮೈಲಿಗೆಯಾಗದ್ದು ‘ಮಡಿ’, ಬೀದಿಯು ‘ಕೇರಿ’, ಎರಡೂ ಕೂಡಿದರೆ ಕೊಡಗಿನ ಕೇಂದ್ರವಾದ ‘ಮಡಿಕೇರಿ’. ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ನೆಲೆಗೊಳಿಸಿದ ಈ ಊರಿಗೆ ಮುದ್ದುರಾಜನ ಕೇರಿ ಎಂಬುದರಿಂದ ಹೆಸರು ಬಂದಿತೆನ್ನುತ್ತಾರೆ. ಪದಬಂಧಕಾರನ ಒಡೆತಕ್ಕೂ ಪದದ ನಿಜವಾದ ವ್ಯುತ್ಪತ್ತಿಗೂ ಸಂಬಂಧವಿರಬೇಕಾಗಿಲ್ಲ ಎಂಬುದಕ್ಕೆ ಇದೇ ನಿದರ್ಶನ.

ದಂಡಿಯು ‘ಕಾವ್ಯಾದರ್ಶ’ದಲ್ಲಿ ಪ್ರಹೇಳಿಕೆ, ಎಂದರೆ ಗೂಢಾರ್ಥದ ಒಗಟುಪದ್ಯ, ಹದಿನಾರು ಬಗೆಯದೆಂದು ವಿಂಗಡಿಸಿದ್ದಾನೆ. ಉತ್ತರವು ಪದ್ಯದ ಹೊರಗಿದ್ದರೆ ಬಹಿರ್ಲಾಪಿಕೆ, ಪದ್ಯದೊಳಗೇ ಅಡಗಿದ್ದರೆ ಅಂತರ್ಲಾಪಿಕೆ ಎಂಬ ಭೇದವೂ ಸಂಸ್ಕೃತ ಸಂಪ್ರದಾಯದಲ್ಲಿದೆ. ‘ಮನ ದಿಗಿಲುಗೊಂಡರೂ ಒಳಗೆ ಹರಿಯುವ ಹೊಳೆ (2)’ ಎಂಬುದು ಅಂತರ್ಲಾಪಿಕೆಯ ಮಾದರಿಯ ಸುಳಿವು. ಎರಡು ಪದಗಳ ನಡುವಣ ತೆರಪನ್ನು ಮರೆತು ಓದಿದರೆ ‘ಮನ ದಿಗಿಲು’ ಎಂಬುದರ ಒಳಗಿನಿಂದ ‘ನದಿ’ ಹೊರಬರುತ್ತದೆ. ‘ದಾರಿ ತಪ್ಪಿದ ಮಗನ ಮೇಲಿಟ್ಟ ಲಕ್ಷ್ಯ (3)’ ಎಂಬಲ್ಲಿ ‘ದಾರಿ ತಪ್ಪಿದ’ ಎಂಬುದು ಅಕ್ಷರಗಳನ್ನು ಕದಲಿಸಬೇಕೆಂಬ ಸಂಜ್ಞೆಯಾದ್ದರಿಂದ, ‘ಮಗನ’ ಎಂಬ ಮೂರು ಅಕ್ಷರಗಳು ಸ್ಥಾನ ಬದಲಿಸಿ ‘ಗಮನ’ವಾಗುತ್ತವೆ, ಕೊನೆಯ ‘ಲಕ್ಷ್ಯ’ವು ಅದರ ಅರ್ಥವನ್ನು ಹೇಳುತ್ತದೆ. ಅಕ್ಷರಕ್ಕೆ ಸ್ವರವು ಅಂಟಿಕೊಂಡೇ ಇರುವ ಕನ್ನಡದಲ್ಲಿ ಇಂಥ ಕಲಸಾಟಕ್ಕೆ ಅವಕಾಶ ಇಂಗ್ಲಿಷಿಗಿಂತ ಕಡಿಮೆ. ಸಂಧಿ ಸಮಾಸಗಳು ಹೇರಳವಾಗಿರುವುದರಿಂದ ಒಡೆದು ಕೂಡಿಸುವ ಆಟಕ್ಕೆ ಮಾತ್ರ ಅವಕಾಶ ಬಹಳ.

ಹಲವು ಭಾಷೆಗಳು ಕೂಡುವ ಗಡಿನಾಡಿನಲ್ಲಿ ಈ ಆಟಕ್ಕೆ ಇನ್ನೊಂದು ಮಗ್ಗುಲಿದೆ. ಸಂಪಾಜೆಯ ಸುತ್ತಮುತ್ತ ಕನ್ನಡದೊಂದಿಗೆ ಅರೆಭಾಷೆ, ತುಳು, ಮಲಯಾಳಂ, ಕೊಡವ ಭಾಷೆಗಳು ಕಿವಿಗೆ ಬೀಳುತ್ತವೆ. ‘ಗಡಿಯಾಚೆ ಅಕ್ಕಿ, ಗಡಿಯೀಚೆ ಹಗೆ (2)’ ಎಂದರೆ, ಅಕ್ಕಿಗೆ ತುಳುವಿನಲ್ಲೂ ಮಲಯಾಳಂನಲ್ಲೂ ‘ಅರಿ’ ಎನ್ನುವುದನ್ನು ಬಲ್ಲ ಅಲ್ಲಿಯ ಓದುಗನಿಗೆ ಉತ್ತರ ತಡವಾಗದು. ಬೀದರಿನ ಓದುಗನು ‘ಹಗೆ’ಯ ಕಡೆಯಿಂದ ಅದೇ ಉತ್ತರಕ್ಕೆ ಬರಬೇಕಾಗುತ್ತದೆ.

ಜನಪದ ಒಗಟಿಗೂ ಗೂಢ ಸುಳಿವಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಒಗಟು ಒಂದು ವಸ್ತುವನ್ನು ಇನ್ನೊಂದರ ರೂಪದಲ್ಲಿ ಹೇಳಿ ಸುಮ್ಮನಾಗುತ್ತದೆ. ಹೊಳೆದ ಉತ್ತರ ಸರಿಯೇ ಎಂಬುದನ್ನು ಒಗಟು ಒಡ್ಡಿದವರೇ ಹೇಳಬೇಕು. ಗೂಢ ಸುಳಿವಿನ ಉತ್ತರಕ್ಕೆ ಸಾಕ್ಷಿಯು ಅದರೊಳಗೇ ಇರುವುದರಿಂದ, ಬಿಡಿಸುವವನು ಮೊದಲು ವಾಕ್ಯದ ತೋರಿಕೆಯ ಅರ್ಥವನ್ನು ಬದಿಗಿಟ್ಟು, ಎರಡು ತುದಿಗಳಲ್ಲಿ ಒಂದರಲ್ಲಿರುವ ನೇರ ಅರ್ಥವನ್ನು ಗುರುತಿಸಿ, ಉಳಿದ ಭಾಗವನ್ನು ಅಕ್ಷರಾಟವೆಂದೋ ಬೇರೊಂದು ಅರ್ಥವೆಂದೋ ಓದಿ, ಎರಡೂ ಹೊಂದುವವರೆಗೆ ಉತ್ತರವನ್ನು ಒಪ್ಪದಿರಬೇಕು. ವಿಶೇಷಣವು ವಿಶೇಷ್ಯಕ್ಕಿಂತ ಮೊದಲು ಬರುವ ಕನ್ನಡದಲ್ಲಿ ನೇರ ಅರ್ಥ ಸಾಮಾನ್ಯವಾಗಿ ವಾಕ್ಯದ ಕೊನೆಗೆ ನಿಲ್ಲುತ್ತದೆಂಬುದು ಹೊಸಬರು ನೆನಪಿಡಬೇಕಾದ ಅಂಶ. ದಾರಿ ತಪ್ಪಿಸುವ ಹಕ್ಕು ರಚನಕಾರನಿಗೆ ಉಂಟು, ಸುಳ್ಳು ಹೇಳುವ ಹಕ್ಕಿಲ್ಲ; ಕ್ಸಿಮೆನೀಸನ ನ್ಯಾಯಸೂತ್ರಗಳ ತಿರುಳು ಇಷ್ಟೇ.

ಈ ಹೊಂದಾಣಿಕೆ ಸರಿಯೇ ಎಂಬ ಚರ್ಚೆಯಲ್ಲಿಯೇ ಆಟದ ಅರ್ಧ ಸುಖವಿದೆ, ಮತ್ತು ಅಂಥ ಚರ್ಚೆಗೆ ಸುಳ್ಯ, ಸಂಪಾಜೆ, ಕಾಸರಗೋಡುಗಳ ಸೀಮೆಯ ಕಿವಿ ಪಳಗಿದೆ. ವೇಷವಿಲ್ಲದೆ ಮಾತಿನಿಂದಲೇ ಪ್ರಸಂಗವನ್ನು ನಡೆಸುವ ಅಲ್ಲಿಯ ತಾಳಮದ್ದಲೆಯಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಎದುರಾಳಿಯ ಪದವನ್ನು ಹಿಡಿದು, ಒಡೆದು, ಬೇರೆ ಅರ್ಥ ತೆಗೆದು ಮರಳಿಸುವುದನ್ನು ಜನ ರಾತ್ರಿಯಿಡೀ ಕೇಳಿದ್ದಾರೆ. ಕನ್ನಡ ಪದಬಂಧದಲ್ಲಿ ಇಂಥ ವಿವರಣೆಗೆ ಜಾಗ ಕಡಿಮೆ. ಸಾಮಾನ್ಯವಾಗಿ ಅಚ್ಚಾಗುವುದು ತುಂಬಿದ ಮನೆಗಳ ಚಿತ್ರ ಮಾತ್ರ. ‘ಗಮನ’ ಎಂಬ ಉತ್ತರ ‘ಮಗನ’ ಎಂಬುದರಲ್ಲಿ ಹೇಗೆ ಅಡಗಿತ್ತೆಂದು ತಿಳಿಯದ ಓದುಗನು ಮುಂದಿನ ಗೂಢ ಸುಳಿವನ್ನು ಕಂಡಾಗ ಪುಟ ಮಗುಚುತ್ತಾನೆ. ನಿತ್ಯದ ಪದಬಂಧದಲ್ಲಿ ಎರಡು ಗೂಢ ಸುಳಿವುಗಳನ್ನಾದರೂ ಸೇರಿಸಿ, ಮರುದಿನ ಉತ್ತರದೊಂದಿಗೆ ಬಿಡಿಸುವ ಬಗೆಯನ್ನೂ ಒಂದೊಂದು ಸಾಲಿನಲ್ಲಿ ಮುದ್ರಿಸಿದರೆ, ಕನ್ನಡದ ಓದುಗರು ಈ ಆಟವನ್ನು ಕಲಿಯಲು ಬೇರೆ ಪಾಠ ಬೇಕಾಗುವುದಿಲ್ಲ.