ಮುದ್ರಿತ ಲೇಖ್ಯವೂ ಲೋಕದರ್ಶನವೂ

ಮುದ್ರೆಯೊತ್ತಿ ಮುಚ್ಚಿದ ನ್ಯಾಯಪತ್ರವನ್ನು ಜನರು ಎಷ್ಟರಮಟ್ಟಿಗೆ ನೋಡಬಹುದೆಂಬ ಪ್ರಶ್ನೆಯು ಈಚಿನ ವರ್ಷಗಳಲ್ಲಿ ನಮ್ಮ ನ್ಯಾಯಸ್ಥಾನಗಳ ಮುಂದೆ ಪದೇ ಪದೇ ಬಂದಿದೆ. ಇದನ್ನು ನಿರ್ಣಯಿಸುವುದಕ್ಕೆ ಮೊದಲು ಮುದ್ರೆಯ ಪ್ರಯೋಜನವೇನೆಂಬುದನ್ನು ವಿವೇಚಿಸುವುದು ಯುಕ್ತ. ಲೇಖ್ಯವು ಇಂಥವರದೇ ಎಂದು ಸ್ಥಾಪಿಸುವುದು ಒಂದು ಪ್ರಯೋಜನ. ಅನ್ಯರು ಓದದಂತೆ ತಡೆಯುವುದು ಮತ್ತೊಂದು. ಮೊದಲನೆಯದು ಪ್ರಾಮಾಣ್ಯ, ಎರಡನೆಯದು ಗೋಪನ. ಇವೆರಡನ್ನೂ ಒಂದೆಂದು ಭ್ರಮಿಸಿದರೆ ವಿಚಾರವು ದಾರಿ ತಪ್ಪುವುದು.

ಭೂದಾನಮಾಡಿದ ಅರಸನು ಮುಂದೆ ಬರುವ ಅರಸರ ತಿಳಿವಿಗಾಗಿ ಅದನ್ನು ಬಟ್ಟೆಯ ಮೇಲಾಗಲಿ ತಾಮ್ರಪಟ್ಟದ ಮೇಲಾಗಲಿ ಬರೆಯಿಸಿ ತನ್ನ ಮುದ್ರೆಯಿಂದ ಗುರುತಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಇಲ್ಲಿ ಮುದ್ರೆಯು ಅರಿವಿನ ಸಾಧನವೇ ಹೊರತು ಮರೆಯಲ್ಲ. ನಮ್ಮ ನಾಡಿನ ತಾಮ್ರಶಾಸನಗಳೂ ಇದನ್ನೇ ಹೇಳುತ್ತವೆ. ತಗಡುಗಳಿಗೆ ರಂಧ್ರವನ್ನು ಕೊರೆದು, ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳು ಕೂಡುವೆಡೆಯಲ್ಲಿ ಮುದ್ರೆಯನ್ನು ಬೆಸೆಯುತ್ತಿದ್ದರು. ಗಂಗರದು ಆನೆಯ ಲಾಂಛನ, ಬಾದಾಮಿಯ ಚಾಲುಕ್ಯರದು ವರಾಹ. ಬಳೆಯನ್ನು ಕತ್ತರಿಸದೆ ಹೊಸ ತಗಡನ್ನು ಸೇರಿಸುವುದು ಅಶಕ್ಯ. ಆದರೆ ಇದ್ದ ತಗಡುಗಳನ್ನು ಬಳೆಯ ಮೇಲೆಯೇ ತಿರುವಿ ಓದುವುದಕ್ಕೆ ಅಡ್ಡಿಯಿಲ್ಲ.

ವ್ಯವಹಾರಾಧ್ಯಾಯದಲ್ಲಿ ಅದೇ ಸ್ಮೃತಿಯು, ವಾದಿಯ ಆವೇದನವನ್ನು ಪ್ರತಿವಾದಿಯ ಎದುರಿನಲ್ಲಿಯೇ ಬರೆಯಬೇಕೆನ್ನುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದ್ದು ಈ ಸ್ಮೃತಿಗೇ. ಆರೋಪವೇನೆಂದು ತಿಳಿಯದವನು ಉತ್ತರವನ್ನು ಹೇಗೆ ತಾನೆ ಹೇಳಿಯಾನು?

ಹಾಗೆಂದು ಗೋಪನಕ್ಕೆ ಎಡೆಯೇ ಇಲ್ಲವೆಂದಲ್ಲ. 1908ರ ರಿಜಿಸ್ಟ್ರೇಷನ್ ಕಾಯಿದೆಯು ಉಯಿಲನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿ ರಿಜಿಸ್ಟ್ರಾರರ ವಶದಲ್ಲಿಡಲು ಅವಕಾಶವಿತ್ತಿದೆ. ಬರೆದವನು ಮೃತನಾದಮೇಲೆ ಅರ್ಜಿದಾರನ ಸಮಕ್ಷಮದಲ್ಲಿ ಲಕೋಟೆಯನ್ನೊಡೆದು, ಉಯಿಲನ್ನು 3ನೆಯ ಪುಸ್ತಕದಲ್ಲಿ ನಕಲುಮಾಡುತ್ತಾರೆ. ಅದೇ ಕಾಯಿದೆಯ 57ನೆಯ ಪ್ರಕರಣದಂತೆ, ಸ್ಥಿರಾಸ್ತಿಯ ಪತ್ರಗಳಿರುವ 1ನೆಯ ಪುಸ್ತಕವನ್ನು ಶುಲ್ಕವಿತ್ತ ಯಾರಾದರೂ ನೋಡಬಹುದು. ಉಯಿಲಿನ ನಕಲಾದರೋ ಬರೆದವನು ಬದುಕಿರುವವರೆಗೆ ಅವನಿಗೆ ಇಲ್ಲವೆ ಅವನ ಪ್ರತಿನಿಧಿಗೆ ಮಾತ್ರ, ಅನಂತರ ಕೇಳಿದವರಿಗೆಲ್ಲ. ಇಲ್ಲಿ ಮುಚ್ಚಿಡುವುದಕ್ಕೆ ಕಾರಣವೂ ಉಂಟು, ಅವಧಿಯೂ ಉಂಟು.

ಇವೆರಡೂ ಇಲ್ಲದ ಗೋಪನದ ಫಲವನ್ನು ಮೀಡಿಯಾವನ್ ಎಂಬ ಮಲಯಾಳ ವಾರ್ತಾವಾಹಿನಿಯ ವ್ಯಾಜ್ಯದಲ್ಲಿ ಕಾಣಬಹುದು. ಭದ್ರತೆಯ ಕಾರಣದಿಂದ ಕೇಂದ್ರ ಸರ್ಕಾರವು 2022ರ ಜನವರಿ 31ರಂದು ಅದರ ಅನುಮತಿಯನ್ನು ರದ್ದುಗೊಳಿಸಿತು. ಆ ಕಾರಣದ ವಿವರಗಳು ಮುಚ್ಚಿದ ಲಕೋಟೆಯಲ್ಲಿ ಕೇರಳದ ಉಚ್ಚ ನ್ಯಾಯಾಲಯಕ್ಕೆ ಸಂದವು. ನ್ಯಾಯಾಧೀಶರು ಓದಿದರು, ವಾಹಿನಿಯವರು ಓದಲಿಲ್ಲ, ಅರ್ಜಿ ತಿರಸ್ಕೃತವಾಯಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರ ಪೀಠವು, ಈ ಲಕೋಟೆಯ ಪದ್ಧತಿಯು ಸಹಜನ್ಯಾಯಕ್ಕೂ ಮುಕ್ತನ್ಯಾಯಕ್ಕೂ ಬಾಧಕವೆಂದು ನಿರ್ಣಯಿಸಿತು. ಗೋಪ್ಯಭಾಗವನ್ನಷ್ಟೇ ತೆಗೆದು ಉಳಿದುದನ್ನು ಕೊಡುವಂಥ ಮೃದುವಾದ ಉಪಾಯಗಳಿವೆಯೆಂದು ತೋರಿಸಿತು.

ಶಾಸ್ತ್ರಜ್ಞರಿಗೆ ಸುಪರಿಚಿತವಾದ ಉತ್ಸರ್ಗಾಪವಾದನ್ಯಾಯವು ಇಲ್ಲಿ ಸಲ್ಲುತ್ತದೆ. ಅಪವಾದವು ಉತ್ಸರ್ಗಕ್ಕಿಂತ ಬಲವತ್ತರ. ಆದರೆ ಸ್ವವಿಷಯದಲ್ಲಿ ಮಾತ್ರ. ಅದರಾಚೆಗೆ ಉತ್ಸರ್ಗವೇ ಪ್ರವರ್ತಿಸುತ್ತದೆ. ಪ್ರಕಾಶವು ಉತ್ಸರ್ಗ, ಗೋಪನವು ಅಪವಾದ. ಅತ್ಯಾಚಾರಕ್ಕೆ ಗುರಿಯಾದವಳ ಹೆಸರನ್ನು ಅಚ್ಚುಹಾಕಬಾರದೆಂಬ ವಿಧಿಯು ನ್ಯಾಯವಾದುದೇ. ಆದರೆ ಅದರಿಂದ ಮುಚ್ಚತಕ್ಕದ್ದು ಆಕೆಯ ಗುರುತು, ತೀರ್ಪಲ್ಲ. ಗುಪ್ತಚಾರನ ಹೆಸರು ಒಂದು ಪುಟದಲ್ಲಿದ್ದರೆ ಆ ಹೆಸರನ್ನು ಮರೆಮಾಡಬೇಕಲ್ಲದೆ ನೂರು ಪುಟಗಳನ್ನಲ್ಲ.

ರಾಜ್ಯದ ಕ್ಷೇಮಕ್ಕೆ ಕೆಲವು ಸಂಗತಿಗಳು ಗುಪ್ತವಾಗಿರಲೇಬೇಕು, ಒಂದೊಂದು ಮಾತನ್ನು ಜೋಡಿಸಿ ಶತ್ರುವು ಪೂರ್ಣವನ್ನು ಊಹಿಸಬಲ್ಲನು ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ನಿರಾಧಾರವಲ್ಲ. ಆದರೆ ಅಂಥ ಭಯವಿರುವುದನ್ನು ಕಾರಣಸಹಿತವಾಗಿ ಸ್ಥಾಪಿಸುವ ಭಾರವು ಮುಚ್ಚುವವನ ಮೇಲಿದೆ. ನೋಡುವವರಲ್ಲಿಯೂ ತಾರತಮ್ಯವುಂಟು: ಯಾರ ಜೀವನೋಪಾಯಕ್ಕೆ ಲೇಖ್ಯದಿಂದ ಕುಂದು ಬರುವುದೋ ಅವರಿಗೆ ಮೊದಲು, ಲೋಕಕ್ಕೆ ಅನಂತರ. ಲೋಕಕ್ಕೆ ತಡವಾಗಿ ಕಾಣಿಸಬಹುದಾದ ಸಂಗತಿಯ ಸಾರಾಂಶವಾದರೂ ಪ್ರತಿವಾದಿಗೆ ಒಡನೆಯೇ ದೊರೆಯಬೇಕು.

ಎಷ್ಟು ಕಾಣಿಸಬೇಕೆಂಬುದಕ್ಕೆ ಶಾಸನಸಂಪಾದಕರ ಪದ್ಧತಿಯೇ ಒಳ್ಳೆಯ ಮಾದರಿ. ಅಕ್ಷರಗಳು ಸವೆದುಹೋದ ಎಡೆಯಲ್ಲಿ ಅವರು ಬಿಂದುಗಳನ್ನಿಟ್ಟು, ಎಷ್ಟು ನಷ್ಟವಾಗಿದೆಯೆಂದು ಓದುಗನಿಗೆ ತಿಳಿಸುವರು. ಮುಂದಿನ ಪಂಕ್ತಿಯನ್ನು ಹಿಂದಿನದಕ್ಕೆ ಸದ್ದಿಲ್ಲದೆ ಅಂಟಿಸುವುದಿಲ್ಲ. ಮುಚ್ಚಿದ ನ್ಯಾಯಪತ್ರದಲ್ಲಿಯೂ ಲೇಖ್ಯವು ಇದೆಯೆಂಬುದು, ಅದರ ದಿನಾಂಕ, ಸಲ್ಲಿಸಿದವರು, ಮರೆಮಾಡಿದ ಭಾಗದ ಪರಿಮಾಣ, ಮರೆಮಾಡಿದ್ದಕ್ಕೆ ಕಾರಣ, ಮತ್ತೆ ಪರಿಶೀಲಿಸುವ ಕಾಲ, ಇಷ್ಟೂ ಬಹಿರಂಗವಾಗಿರತಕ್ಕದ್ದು. ಇಷ್ಟು ತೋರಿದರೆ ರಹಸ್ಯವು ರಹಸ್ಯವಾಗಿಯೇ ಉಳಿಯುವುದು. ನ್ಯಾಯವು ಮಾತ್ರ ರಹಸ್ಯವಾಗದು.