ನಿಮಗಿದು ಗೊತ್ತೆ? ಶಾಂತಿ ಚಿಹ್ನೆಯಲ್ಲಿ ಅಡಗಿದೆ ಎರಡು ಅಕ್ಷರ!

ವೃತ್ತದ ನಡುವೆ ಒಂದು ನೇರ ಗೆರೆ, ಅದರಿಂದ ಇಬ್ಬದಿಗೆ ಇಳಿದ ಎರಡು ಓರೆ ಗೆರೆ. ಜಗತ್ತಿಗೆಲ್ಲ ಪರಿಚಿತವಾದ ಈ ಶಾಂತಿ ಚಿಹ್ನೆ ಹುಟ್ಟಿದ್ದು 1958ರಲ್ಲಿ, ಬ್ರಿಟನ್ನಿನಲ್ಲಿ.

• ರಚಿಸಿದವರು ಕಲಾವಿದ ಜೆರಾಲ್ಡ್ ಹೋಲ್ಟಮ್. ಎರಡನೇ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದ ವ್ಯಕ್ತಿ.

• ಎರಡು ಬಾವುಟ ಹಿಡಿದು ದೂರಕ್ಕೆ ಸಂದೇಶ ತಿಳಿಸುವ ‘ಸೆಮಾಫೋರ್’ ಪದ್ಧತಿಯ ‘ಎನ್’ ಮತ್ತು ‘ಡಿ’ ಸನ್ನೆಗಳು ಇದರಲ್ಲಿ ಒಂದಾಗಿವೆ. ಅರ್ಥ: ‘ನ್ಯೂಕ್ಲಿಯರ್ ಡಿಸಾರ್ಮಮೆಂಟ್’, ಅಂದರೆ ಅಣ್ವಸ್ತ್ರ ತ್ಯಾಗ.

• ಆ ವರ್ಷದ ಈಸ್ಟರ್ ಹಬ್ಬದಲ್ಲಿ ಸಾವಿರಾರು ಜನ ಈ ಚಿಹ್ನೆಯ ಫಲಕಗಳೊಂದಿಗೆ ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ಅಣ್ವಸ್ತ್ರ ಕೇಂದ್ರವಿದ್ದ ಆಲ್ಡರ್‌ಮಾಸ್ಟನ್ನಿನತ್ತ ಹೊರಟರು. ನಾಲ್ಕು ದಿನಗಳ ಈ ಪಾದಯಾತ್ರೆಯ ದೂರ 80 ಕಿ.ಮೀ.ಗೂ ಹೆಚ್ಚು.

• ಮೊದಲ ಬ್ಯಾಡ್ಜುಗಳನ್ನು ಮಾಡಿದ್ದು ಸುಟ್ಟ ಜೇಡಿಮಣ್ಣಿನಿಂದ. ಅಣುಯುದ್ಧ ನಡೆದರೆ ಆ ಬೆಂಕಿಯಲ್ಲಿ ಉಳಿಯುವ ಕೆಲವೇ ವಸ್ತುಗಳಲ್ಲಿ ಇದೂ ಒಂದು ಎಂಬ ಚೀಟಿಯನ್ನೂ ಜೊತೆಗಿಟ್ಟು ಹಂಚಿದರು.

• ಈ ಚಿಹ್ನೆಗೆ ಹಕ್ಕುಸ್ವಾಮ್ಯ ಪಡೆಯಲೇ ಇಲ್ಲ. ಹಾಗಾಗಿಯೇ ಅದು ವಿಯೆಟ್ನಾಂ ಯುದ್ಧದ ವಿರೋಧಿಗಳ ಕೈಗೂ ಬಂತು. ಶಾಂತಿ ಬಯಸುವ ಎಲ್ಲರದೂ ಆಯಿತು.