ಮಳೆಗಾಲದಲ್ಲಿ ಮನೆ ಬದಲಿಸಬೇಕಾದಾಗ

ಜೂನ್ ತಿಂಗಳು. ಶಾಲೆ ಶುರುವಾಗಿದೆ. ಪತಿಗೆ ಬೇರೆ ಊರಿಗೆ ವರ್ಗವಾಗಿದೆ ಅಥವಾ ಬಾಡಿಗೆ ಮನೆಯ ಮಾಲಿಕರು ‘ನಮಗೇ ಮನೆ ಬೇಕು’ ಎಂದಿದ್ದಾರೆ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಒಳಗೆ ಅರ್ಧ ಕಟ್ಟಿದ ಗಂಟುಗಳು, ರಚ್ಚೆ ಹಿಡಿದ ಮಗು, ಕೆಮ್ಮುವ ಅತ್ತೆ. ಇಂಥ ದಿನ ನಿಮ್ಮ ಬದುಕಿನಲ್ಲೂ ಬಂದಿರಬಹುದು. ಗಂಡಸರ ಲೆಕ್ಕದಲ್ಲಿ ಮನೆ ಬದಲಿಸುವುದು ಒಂದು ದಿನದ ಕೆಲಸ. ನಮಗೆ ಅದು ಹದಿನೈದು ದಿನ ಮೊದಲೇ ಶುರುವಾಗಿ, ಒಂದು ತಿಂಗಳು ಕಳೆದ ಮೇಲೆ ಮುಗಿಯುವಂಥದ್ದು.

ನಾವು ಶಿಕಾರಿಪುರದಿಂದ ಸೊರಬಕ್ಕೆ ಬಂದದ್ದು ಆರಿದ್ರಾ ಮಳೆಯಲ್ಲಿ. ಹೊರಡುವಾಗ ತುಂತುರು ಹನಿ. ‘ಇಷ್ಟೇ ಮಳೆ’ ಎಂದುಕೊಂಡೆವು. ಶಿರಾಳಕೊಪ್ಪ ದಾಟುತ್ತಿದ್ದಂತೆ ಜಡಿಮಳೆ ಹಿಡಿಯಿತು. ಒಂದೇ ಜಿಲ್ಲೆಯ ಅಕ್ಕಪಕ್ಕದ ತಾಲೂಕುಗಳಾದರೂ ಶಿಕಾರಿಪುರ ಬಯಲುಸೀಮೆಯ ಕಡೆಗೆ ವಾಲಿದರೆ ಸೊರಬ ಮಲೆನಾಡಿನ ಕಡೆಗೆ ವಾಲಿದೆ ಎಂಬುದು ನಮಗೆ ನೆನಪಾಗಲಿಲ್ಲ. ಟಾರ್ಪಾಲಿನ ಒಂದು ಮೂಲೆ ಹರಿದಿತ್ತು. ಸರಿಯಾಗಿ ಅದರ ಕೆಳಗೇ ನನ್ನ ಟ್ರಂಕು. ಮಕ್ಕಳ ಜನನ ಪತ್ರ, ಮಗಳ ಅಂಕಪಟ್ಟಿ, ನಮ್ಮ ನಿಕಾಹ್‌ನಾಮಾ ಎಲ್ಲವೂ ಅದರಲ್ಲಿತ್ತು. ರಾತ್ರಿ ತೆರೆದು ನೋಡಿದರೆ ನಿಕಾಹ್‌ನಾಮಾದಲ್ಲಿ ಮಹ್ರ್‌ನ ಮೊತ್ತ ಬರೆದಿದ್ದ ಸಾಲು ನೀಲಿ ಕಲೆಯಾಗಿ ಹರಡಿತ್ತು. ಅಲ್ಲಾಹನ ದಯೆ, ಜಮಾಅತಿನ ರಿಜಿಸ್ಟರಿನಲ್ಲಿ ಅದು ದಾಖಲಾಗಿತ್ತು. ಆದರೆ ಆ ರಾತ್ರಿ ನಾನು ಅತ್ತದ್ದನ್ನು ಮರೆತಿಲ್ಲ.

ಕಾಗದಪತ್ರ ನಿಮ್ಮ ಕೈಯಲ್ಲಿರಲಿ

ಆದ್ದರಿಂದ ಮೊದಲ ಮಾತು: ಕಾಗದಪತ್ರ ಸಾಮಾನಿನ ಜೊತೆ ಹೋಗಬಾರದು. ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪ್ರತಿಯೊಂದರ ಫೋಟೋ ಮೊಬೈಲಿನಲ್ಲಿರಲಿ. ಮನೆಯವರ ಔಷಧಿ, ಒಡವೆ, ಕುರ್‌ಆನ್ ಪ್ರತಿಗಳು ಕೂಡ ನಿಮ್ಮ ಬಳಿಯೇ ಇರಲಿ.

ಮಳೆಯಲ್ಲೇ ಮನೆ ನೋಡಿ

ಬಾಡಿಗೆ ಮನೆಯನ್ನು ಬಿಸಿಲಿನಲ್ಲಿ ನೋಡಿ ಒಪ್ಪಿಕೊಂಡರೆ ಸೋರುವ ಜಾಗ ತಿಳಿಯುವುದಿಲ್ಲ. ಜೋರು ಮಳೆ ಬಂದ ಮರುದಿನ ಹೋಗಿ. ಹೆಂಚು ಸರಿದಿದೆಯೇ, ಗೋಡೆಯ ಬುಡ ಒದ್ದೆಯಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಗಮನಿಸಿ. ನೀರು ಕುಡಿದ ಮಣ್ಣಿನ ಗೋಡೆ ಮುನ್ಸೂಚನೆ ಕೊಡದೆ ಕುಸಿಯುತ್ತದೆ. ಅದರ ಪಕ್ಕದಲ್ಲಿ ಮಕ್ಕಳ ಹಾಸಿಗೆ ಹಾಕಲೇಬೇಡಿ. ಸ್ವಿಚ್ ಬೋರ್ಡಿನ ಸುತ್ತ ಗೋಡೆ ತೇವವಾಗಿದ್ದರೆ ಎಲೆಕ್ಟ್ರಿಷಿಯನ್ ನೋಡಿದ ಮೇಲೆಯೇ ಕರೆಂಟು ಬಳಸಿ.

ಸಾಮಾನು ಕಟ್ಟುವಾಗ

ಅಕ್ಕಿ, ಬೇಳೆ, ಮಸಾಲೆ ಪುಡಿಗಳು ಮುಚ್ಚಳ ಭದ್ರವಾಗಿರುವ ಡಬ್ಬಿಗಳಲ್ಲಿರಲಿ. ಹತ್ತಿಯ ಗಾದಿ ಒಮ್ಮೆ ನೆನೆದರೆ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಅದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಟೆಂಪೋದ ತಳಕ್ಕೆ ತಾಗದಂತೆ ಮಂಚದ ಹಲಗೆಯ ಮೇಲಿಡಿ. ಫ್ರಿಜ್ ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದ್ದರೆ ಕೆಲವು ಗಂಟೆ ನೇರವಾಗಿ ನಿಲ್ಲಿಸಿಟ್ಟು ಆಮೇಲೆ ಚಾಲೂ ಮಾಡಿ. ಒಂದು ಜೊತೆ ಒಣಬಟ್ಟೆ, ಟೀ ಪುಡಿ, ಸಕ್ಕರೆ, ಬೆಂಕಿಪೆಟ್ಟಿಗೆ, ಮೇಣದಬತ್ತಿ, ಎರಡು ಪಾತ್ರೆ, ಇವಿಷ್ಟರ ಗಂಟನ್ನು ಕೊನೆಗೆ ಏರಿಸಿ. ಇಳಿಸುವಾಗ ಅದೇ ಮೊದಲು ಸಿಗುತ್ತದೆ.

ನೀರಿನ ಡ್ರಮ್ಮಿನೊಂದಿಗೆ ಬರುವ ಕಾಯಿಲೆ

1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇರುವುದು ಸೊರಬ ತಾಲೂಕಿನಲ್ಲೇ. ಅದು ಹೆಚ್ಚಾಗಿ ಮಳೆ ಬೀಳುವ ಮುಂಚಿನ ಒಣ ತಿಂಗಳುಗಳ ಕಾಯಿಲೆ. ಮಳೆಗಾಲದ ಶತ್ರುಗಳು ಬೇರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಡ್ರಮ್ಮು, ಕೊಡಗಳ ಒಳಮೈಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಹಾಗಾಗಿ ಡ್ರಮ್ಮನ್ನು ಬರೀ ಬರಿದು ಮಾಡಿದರೆ ಸಾಲದು, ಒಳಗೆಲ್ಲ ಚೆನ್ನಾಗಿ ಉಜ್ಜಿ ತೊಳೆಯಿರಿ. ಬಹಳ ದಿನ ಮುಚ್ಚಿದ್ದ ಮನೆಯಲ್ಲಿ ಇಲಿಯ ಮೂತ್ರದಿಂದ ಇಲಿಜ್ವರ ಬರಬಹುದು. ಕೈಕಾಲಿನಲ್ಲಿ ಗಾಯವಿದ್ದವರು ಅಲ್ಲಿ ಬರಿಗಾಲಲ್ಲಿ ಗುಡಿಸಿ ಒರೆಸುವುದು ಬೇಡ.

ಮರೆಯಬಾರದ ಓಡಾಟ

ಬೇರೆ ಊರಿಗೆ ಹೋಗುವುದಾದರೆ ಗ್ಯಾಸ್ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಹಳೆಯ ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆ ಪತ್ರ ಪಡೆಯಿರಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಸೌಲಭ್ಯ ಬಾಡಿಗೆದಾರರಿಗೂ ಇದೆ. ಹಳೆಯ ಮನೆಯ ಆರ್.ಆರ್. ಸಂಖ್ಯೆಯಿಂದ ಹೆಸರು ಬಿಡಿಸಿ ಹೊಸ ಮನೆಯದಕ್ಕೆ ಜೋಡಿಸಿಕೊಳ್ಳಿ. ಶಿಕಾರಿಪುರ, ಸೊರಬ ಬೇರೆ ಬೇರೆ ವಿಧಾನಸಭಾ ಕ್ಷೇತ್ರಗಳು. ಮತದಾರರ ಪಟ್ಟಿಯಲ್ಲಿ ಹೆಸರು ವರ್ಗಾಯಿಸಲು ನಮೂನೆ 8 ತುಂಬಬೇಕು. ಪತಿಯ ಹೆಸರು ಬದಲಿಸಿ ನಿಮ್ಮದು ಹಾಗೆಯೇ ಉಳಿಯದಿರಲಿ.

ಮಾಲಿಕರಿಗೂ ನೆರೆಯವರಿಗೂ ಒಂದು ಮಾತು

ನಿಮ್ಮಲ್ಲಿ ಮನೆ ಬಾಡಿಗೆಗೆ ಕೊಟ್ಟವರೂ ಇರಬಹುದು. ಮನೆ ಖಾಲಿ ಮಾಡಿಸಲೇಬೇಕಾದರೆ ಬೇಸಿಗೆಯಲ್ಲೇ ಹೇಳಿ. ಜಡಿಮಳೆಯಲ್ಲಿ ಬಾಣಂತಿಯನ್ನೋ ವೃದ್ಧರನ್ನೋ ಹೊರಡಿಸುವ ಸ್ಥಿತಿ ತರಬೇಡಿ. ಮುಂಗಡ ಹಣವನ್ನು ಬೀಗದ ಕೈ ಪಡೆಯುವಾಗಲೇ ಹಿಂದಿರುಗಿಸಿ. ಅವರು ಹೊಸ ಮನೆಗೆ ಮುಂಗಡ ಕಟ್ಟುವುದು ಅದರಿಂದಲೇ.

ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿ(ಸ)ರು ಎಷ್ಟು ಒತ್ತಿ ಹೇಳಿದ್ದಾರೆಂಬುದು ನಮಗೆಲ್ಲ ಗೊತ್ತು. ಸೊರಬದ ಆ ಸಂಜೆ, ಒದ್ದೆ ಗಂಟುಗಳ ನಡುವೆ ನಾನು ಕುಳಿತಿದ್ದಾಗ ಪಕ್ಕದ ಮನೆಯ ಹಿಂದೂ ತಾಯಿಯೊಬ್ಬರು ಕೊಡೆ ಹಿಡಿದು ಬಂದರು. ಅಕ್ಕಿರೊಟ್ಟಿ, ಕಳಲೆ ಪಲ್ಯ, ಒಂದು ಕ್ಯಾನು ಬಿಸಿ ಟೀ. ‘ಒಲೆ ನಾಳೆ ಹಚ್ಚಿದರಾಯ್ತು, ಈಗ ಉಣ್ಣಿ ಮಗಳೇ’ ಎಂದರು. ಆಮೇಲೆ ನನ್ನ ಒದ್ದೆ ಕಾಗದಗಳನ್ನು ತಮ್ಮ ಮನೆಗೆ ಒಯ್ದು, ಒಂದೊಂದಾಗಿ ಬಿಡಿಸಿ ಬಟ್ಟೆಯ ಮೇಲೆ ಹರವಿದರು.

ಈ ಮಳೆಗಾಲದಲ್ಲಿ ನಿಮ್ಮ ಬೀದಿಯಲ್ಲೂ ಸಾಮಾನು ತುಂಬಿದ ಟೆಂಪೋ ನಿಲ್ಲಬಹುದು. ಇಳಿದವರು ಯಾರು, ಯಾವ ಜಾತಿ ಎಂದು ಕಿಟಕಿಯಿಂದ ನೋಡುವ ಮುಂಚೆ ಟೀಗೆ ನೀರಿಡಿ.